ಲಾಂಚಿನ ಹೊಳಪು ತೆಗೆದದ್ದು

ಜೂನ್ 2, ಸೋಮವಾರ

ಅಳತೆ ಪುಸ್ತಕದ ಕೊನೆಯ ಹಾಳೆಗಳು ಖಾಲಿ ಬಿದ್ದಿದ್ದವು, ಅವುಗಳಲ್ಲೇ ಬರೆಯುತ್ತಿದ್ದೇನೆ. ಮುಂದಿನ ಹಾಳೆಗಳಲ್ಲಿ ಗಿರಾಕಿಗಳ ಸೊಂಟ, ತೋಳು, ಭುಜ. ಹಿಂದಿನವುಗಳಲ್ಲಿ ನನ್ನ ಗೋಳು. ಇವರಿಗೆ ಈಗ ಅಕ್ಷರ ಕಾಣುವುದಿಲ್ಲವಾದ್ದರಿಂದ ಏನು ಬೇಕಾದರೂ ಬರೆಯಬಹುದು. ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ ಈ ಸ್ವಾತಂತ್ರ್ಯ ಸಿಕ್ಕಿದೆ, ಸಿಗಬಾರದ ರೀತಿಯಲ್ಲಿ.

ಇವತ್ತು ಕಣ್ಣಿನ ಡಾಕ್ಟರು ಎಲ್ಲ ಬಿಡಿಸಿ ಹೇಳಿದರು. ಇವರ ಎಡಗಣ್ಣು ಹೋಗಿ ಹನ್ನೆರಡು ವರ್ಷವಾಯಿತು, ಎಂಜಿನ್ ಕೋಣೆಯಲ್ಲಿ ಕಬ್ಬಿಣದ ಚೂರು ಸಿಡಿದು. ಉಳಿದ ಬಲಗಣ್ಣಿನ ಮುಂದಿನ ಪದರ, ಗಾಜಿನ ಹಾಗಿರಬೇಕಾದದ್ದು, ನೀರು ತುಂಬಿಕೊಂಡು ಮಂಜಾಗುತ್ತಿದೆ. ಸತ್ತವರ ಮನೆಯವರು ದಾನ ಕೊಟ್ಟ ಪದರವನ್ನು ತಂದು ಅಲ್ಲಿ ಹೊಲಿಯುತ್ತಾರಂತೆ. ಮೂರು ಹೊತ್ತೂ ಹೊಲಿಯುವವಳು ನಾನು, ಆದರೂ ಯಾವ ಸೂಜಿ, ಯಾವ ನೂಲು ಎಂದು ಕೇಳುವ ಧೈರ್ಯ ಬರಲಿಲ್ಲ. ಇವರ ಹೆಸರು ಪಟ್ಟಿಯಲ್ಲಿದೆ. ಫೋನು ನಾಳೆಯೂ ಬರಬಹುದು, ಎರಡು ತಿಂಗಳಾದರೂ ಬರದೆ ಇರಬಹುದು. ಬಂದ ದಿನವೇ ಹೊರಡಬೇಕು.

"ಹತ್ತು ಜನದಲ್ಲಿ ಒಂಬತ್ತು ಜನಕ್ಕೆ ಚೆನ್ನಾಗಾಗತ್ತೆ" ಎಂದರು ಡಾಕ್ಟರು.

ಮೆಟ್ಟಿಲಿಳಿಯುವಾಗ ಇವರು, "ಆ ಹತ್ತನೆಯವನ ವಿಳಾಸ ಕೇಳಬೇಕಿತ್ತು ಕಣೇ, ಮಾತಾಡಿಸಿಕೊಂಡು ಬರಬಹುದಿತ್ತು" ಎಂದರು. ನನಗೆ ನಗು ಬರಲಿಲ್ಲ.

ಮನೆಗೆ ಬಂದವರೇ ಶುರು ಮಾಡಿದರು: ಫೋನು ಬರುವಷ್ಟರಲ್ಲಿ ಲಾಂಚು ಮುಗಿಯಬೇಕು, ಅದನ್ನು ಒಂದು ಸಲ ಸರಿಯಾಗಿ ನೋಡಬೇಕು. ನದಿಯಲ್ಲಿ ಜನರನ್ನೂ ವಾಹನಗಳನ್ನೂ ದಾಟಿಸುತ್ತಿದ್ದ ಲಾಂಚಿಗೆ ಇವರು ಇಪ್ಪತ್ತಾರು ವರ್ಷ ಎಂಜಿನ್ ಮಿಸ್ತ್ರಿ. ಸೇತುವೆ ಬಂತು, ಲಾಂಚು ಗುಜರಿಗೆ ಹೋಯಿತು. ಅಂದಿನಿಂದ ಅದರ ಐವತ್ತರಲ್ಲೊಂದು ಪಾಲಿನ ಮಾದರಿಯನ್ನು ಪ್ಲಾಸ್ಟಿಕ್ ಹಾಳೆ, ತಂತಿ, ತೆಳು ಹಲಗೆಯಲ್ಲಿ ಕಟ್ಟುತ್ತ ಮೂರು ವರ್ಷ ನನ್ನ ಕತ್ತರಿಸುವ ಮೇಜಿನ ಅರ್ಧ ಭಾಗವನ್ನು ನುಂಗಿದ್ದಾರೆ. ಕಣ್ಣು ಕೆಡುವ ಮೊದಲೇ ಕೆಂಪು, ಬಿಳಿ, ಬೂದು ಎಲ್ಲ ಬಳಿದದ್ದಾಗಿದೆ. ಆದರೆ ಬಳಿದದ್ದು ಹೊಳೆಯುವ ಬಣ್ಣ. ಈಗ ಅದರ ಮೇಲೆ ಬೆಳಕು ಬಿದ್ದರೆ ಇವರಿಗೆ ಲಾಂಚು ಕಾಣುವುದಿಲ್ಲ, ಬರೀ ಬೆಳಕಿನ ಮುದ್ದೆ ಕಾಣುತ್ತದೆ. ಮೇಲೆ ಹೊಳಪಿಲ್ಲದ, ಬಣ್ಣವಿಲ್ಲದ ವಾರ್ನಿಷ್ ಹೊಡೆದರೆ ಹೊಳಪು ಸಾಯುತ್ತದೆ. ಅದನ್ನು ನಾನು ಹೊಡೆಯಬೇಕಂತೆ.

"ನಂಗೆ ನಲವತ್ತು ಯೂನಿಫಾರಂ ಬಾಕಿ ಇದೆ" ಅಂದೆ. ಶಾಲೆ ಶುರುವಾಗಿ ಒಂದು ವಾರವಾಯಿತು.

"ಮಕ್ಕಳು ಹಳೇದ್ರಲ್ಲಿ ಹೋಗ್ತಾರೆ ಬಿಡು" ಅಂದರು. ಇವರಿಗೇನು, ಬೈಸಿಕೊಳ್ಳುವವಳು ನಾನು.

ಜೂನ್ 4, ಬುಧವಾರ

ತಲೆ ತಿಂದುಬಿಟ್ಟರು. ಬೆಳಗ್ಗೆ ಎದ್ದಾಗ ಇವರ ಕಣ್ಣಿಗೆ ಏನೂ ಕಾಣದು, ಮಧ್ಯಾಹ್ನದ ಹೊತ್ತಿಗೆ ಕಣ್ಣಿನ ನೀರು ಆರಿ ಎರಡು ಮೂರು ಗಂಟೆ ತಿಳಿಯಾಗುತ್ತದೆ. ಡಾಕ್ಟರು ಹೇಳಿದ್ದಾರೆಂದು ಹೇರ್ ಡ್ರೈಯರನ್ನು ಕೈ ಚಾಚಿದಷ್ಟು ದೂರ ಹಿಡಿದು ಮುಖಕ್ಕೆ ಬಿಸಿಗಾಳಿ ಬಿಟ್ಟುಕೊಳ್ಳುತ್ತ ಕೂರುತ್ತಾರೆ. ಕ್ಷೌರದಂಗಡಿಯಲ್ಲಿ ಕೂತ ಹಾಗೆ. ಕಣ್ಣು ತಿಳಿಯಾದ ಕೂಡಲೇ ಮನೆಯಲ್ಲಿ ಏನು ಸರಿಯಿಲ್ಲ ಎಂದು ಹುಡುಕುವುದು. ಸ್ಟೀಲ್ ತಟ್ಟೆ ಹೊಳೆಯುತ್ತದೆ, ಮೇಜಿನ ಗಾಜು ಹೊಳೆಯುತ್ತದೆ, ನನ್ನ ಹೊಲಿಗೆ ಮಿಷನ್ನಿನ ಚಕ್ರ ಹೊಳೆಯುತ್ತದೆ.

"ನನ್ನ ಮುಖವೂ ಹೊಳೀತಿದೆಯಾ?" ಅಂದೆ.

"ಅದರ ತೊಂದರೆ ಇಲ್ಲ" ಅಂದರು.

ಜೂನ್ 5, ಗುರುವಾರ

ಬಣ್ಣದಂಗಡಿಗೆ ಹೋಗಿದ್ದೆ. ಅಂಗಡಿ ನಡೆಸುವವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹೊಳಪಿಲ್ಲದ ವಾರ್ನಿಷ್ ಒಂದು ಕೊಡಿ ಅಂದರೆ ಕೊಟ್ಟುಬಿಡುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿ ಹಾಕಿ ಕೂರಿಸಿ ಪಾಠ ಮಾಡಿದರು. ಡಬ್ಬಿಯಲ್ಲಿ ಬರುವ ಸ್ಪ್ರೇ, ಬಾಟಲಿಯಲ್ಲಿ ಬರುವ ನೀರಿನ ವಾರ್ನಿಷ್, ಎಣ್ಣೆಯ ವಾರ್ನಿಷ್. ಅದರಲ್ಲಿ ಮತ್ತೆ ಅರೆ ಹೊಳಪು, ಕಾಲು ಹೊಳಪು, ಸ್ವಲ್ಪವೂ ಹೊಳಪಿಲ್ಲದ್ದು. ಹೊಳಪು ಕೊಲ್ಲುವುದು ಅದರೊಳಗಿನ ಒಂದು ಸಣ್ಣ ಪುಡಿಯಂತೆ. ಬಾಟಲಿಯ ತಳಕ್ಕೆ ಇಳಿದು ಕೂತಿರುತ್ತದೆ, ಕಲಕದೆ ಬಳಿದರೆ ಮತ್ತೆ ಹೊಳೆಯುತ್ತದೆ, ತಳದ್ದನ್ನೇ ಬಳಿದರೆ ಸುಣ್ಣ ಬಳಿದ ಹಾಗಾಗುತ್ತದೆ.

"ಯಾವುದು ಒಳ್ಳೇದು ಹೇಳಿಬಿಡಿ ಮೇಷ್ಟ್ರೇ" ಅಂದೆ.

"ನೋಡೋದು ಯಾರು ಟೈಲರಮ್ಮಾ?"

ಹೇಳಿದೆ. ಅವರು ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟರು. ಆಮೇಲೆ ಒಳಗೆ ಹೋಗಿ, ಬಳಸಿ ಉಳಿದಿದ್ದ ಆರು ಬಗೆಯ ವಾರ್ನಿಷ್‌ಗಳನ್ನು ತಂದು ಕೊಟ್ಟು, "ಪ್ಲಾಸ್ಟಿಕ್ ಚಮಚಕ್ಕೆ ಅದೇ ಕೆಂಪು ಬಣ್ಣ ಬಳೀರಿ, ಮೇಲೆ ಇದನ್ನ ಒಂದೊಂದಕ್ಕೆ ಒಂದೊಂದು. ಅವರೇ ಆರಿಸಲಿ. ಆರಿಸಿದ ಮೇಲೆ ಬಂದು ತಗೊಂಡು ಹೋಗಿ" ಎಂದರು. ವ್ಯಾಪಾರ ಹೀಗೆ ಮಾಡಿದರೆ ಈ ಮನುಷ್ಯ ಉದ್ಧಾರ ಆದ ಹಾಗೇ. ಆದರೆ ಒಳ್ಳೆಯವರು.

ಜೂನ್ 8, ಭಾನುವಾರ

ಚಮಚದ ಪ್ರಸಂಗವನ್ನು ಪೂರ್ತಿ ಬರೆದಿಡಬೇಕು.

ಏಳು ಚಮಚ. ಆರಕ್ಕೆ ಆರು ವಾರ್ನಿಷ್, ಒಂದಕ್ಕೆ ಏನೂ ಇಲ್ಲ. ಯಾವುದು ಯಾವುದೆಂದು ಮರೆಯಬಾರದೆಂದು ಹಿಡಿಗೆ ಒಂದೊಂದು ಬಣ್ಣದ ನೂಲು ಸುತ್ತಿದೆ. ಮಧ್ಯಾಹ್ನ ಒಂದೂವರೆಗೆ ಕಣ್ಣು ತಿಳಿಯಾದಾಗ ಇವರನ್ನು ಕಿಟಕಿಯ ಪಕ್ಕ ಕೂರಿಸಿ ಒಂದೊಂದನ್ನೇ ಹಿಡಿದೆ. ಪರೀಕ್ಷೆಗೆ ಕೂತ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡರು.

ಏನೂ ಬಳಿಯದ ಚಮಚಕ್ಕೆ ಮುಖ ತಿರುಗಿಸಿದರು, ಕಣ್ಣಿಗೆ ಚುಚ್ಚಿತು. ಅರೆ ಹೊಳಪಿನದಕ್ಕೆ, "ಏನೋ ಕೆಂಪಗಿದೆ, ನಡುವೆ ಒಂದು ಬೆಳಕಿನ ಗುಳ್ಳೆ" ಎಂದರು. ಐದನೆಯದು, ಹಸಿರು ನೂಲಿನದು, ಕೈಗೆ ಕೊಟ್ಟೆ. ತಿರುಗಿಸಿದರು. ಮತ್ತೆ ತಿರುಗಿಸಿದರು.

"ಇದು ಚಮಚ" ಎಂದರು.

ಅಷ್ಟೇ ಹೇಳಿದ್ದು. ಹಿಂದಿನ ನಾಲ್ಕೂ ಚಮಚವೇ ಆಗಿದ್ದವು. ಆದರೆ ಇದನ್ನು ಮಾತ್ರ ಇವರು ಹೆಸರು ಹಿಡಿದು ಕರೆದರು. ಇದರ ಅಂಚು, ಹಳ್ಳ, ನಾನು ಬ್ರಷ್ ಎಳೆದ ಗೆರೆ, ಎಲ್ಲ ಕಾಣುತ್ತಿದೆಯಂತೆ. ಹಸಿರು ನೂಲಿನದು ಸ್ವಲ್ಪವೂ ಹೊಳಪಿಲ್ಲದ ಸ್ಪ್ರೇ. ನೀಲಿ ನೂಲಿನದು, ನೀರಿನ ವಾರ್ನಿಷ್, ಎರಡನೆಯದಾಗಿ ಪಾಸಾಯಿತು.

"ಆದ್ರೆ ಕೆಂಪು ಸ್ವಲ್ಪ ಪೇಲವ ಆಯ್ತಲ್ಲ" ಎಂದು ರಾಗ ಎಳೆದರು.

"ಅದೇ ಸರಿಯಾದ ಬಣ್ಣ" ಅಂದೆ ನಾನು. "ನಿಮ್ಮ ಲಾಂಚು ಯಾವತ್ತೂ ಅಷ್ಟು ಮಿರಮಿರ ಅಂತಿರಲಿಲ್ಲ. ಬಿಸಿಲಿಗೆ ಬೆಂದು ಹಳೇ ಇಟ್ಟಿಗೆ ಥರ ಆಗಿತ್ತು."

ಇವರು ನನ್ನ ಕಡೆ ತಿರುಗಿದರು. "ಹೌದಾ? ನೀರಿನ ಮೇಲೆ ಬರುವಾಗ ಹೇಗಿತ್ತು?"

ಆಗ ಹೊಳೆಯಿತು ನನಗೆ. ಎಂಜಿನ್ ಕೋಣೆ ಲಾಂಚಿನ ತಳದಲ್ಲಿ. ಇಪ್ಪತ್ತಾರು ವರ್ಷ ನದಿ ದಾಟಿದ ಈ ಮನುಷ್ಯ ತನ್ನ ಲಾಂಚು ಓಡುವುದನ್ನು ಹೊರಗಿನಿಂದ ನೋಡಿಯೇ ಇಲ್ಲ. ನೋಡಿದವಳು ನಾನು. ನನ್ನ ಮೊದಲ ಅಂಗಡಿ ದಡದಲ್ಲೇ ಇತ್ತು, ದಿನಕ್ಕೆ ಹದಿನಾಲ್ಕು ಸಲ ಅದು ಬರುವುದನ್ನೂ ಹೋಗುವುದನ್ನೂ ಮಿಷನ್ ತುಳಿಯುತ್ತ ನೋಡಿದ್ದೆ. ಹೇಳಿದೆ: ಬರುವಾಗ ಮೂತಿ ಸ್ವಲ್ಪ ಎಡಕ್ಕೆ ತಿರುಗಿಸಿಕೊಂಡು ಬರುತ್ತಿತ್ತು, ಮುನಿಸಿಕೊಂಡ ಹೆಂಗಸಿನ ಹಾಗೆ. ಹೊಗೆ ಕೊಳವೆಯ ಕೆಳಗೆ ಮಸಿ ಇಳಿದಿತ್ತು. ಒಂದು ಗಂಟೆ ಹೊತ್ತು ಹೇಳಿರಬೇಕು. ಒಲೆಯ ಮೇಲಿನ ಅನ್ನ ಸೀದು ಹೋಯಿತು.

ಜೂನ್ 11, ಬುಧವಾರ

ಕೆಟ್ಟೆ.

ಇವರ ತಂಗಿ ಇವರನ್ನು ಕಣ್ಣಿನ ತಪಾಸಣೆಗೆ ಕರೆದುಕೊಂಡು ಹೋಗಿದ್ದಳು. ಬರುವಷ್ಟರಲ್ಲಿ, ಮೇಷ್ಟ್ರ ಅಂಗಡಿಯಿಂದ ತಂದಿದ್ದ ಸ್ಪ್ರೇ ಹೊಡೆದು ಮುಗಿಸಿ ಆಶ್ಚರ್ಯಪಡಿಸೋಣ ಅಂದುಕೊಂಡೆ. ಲಾಂಚಿನ ಹದಿನಾಲ್ಕು ಕಿಟಕಿಗಳಿಗೂ ಟೇಪು ಕತ್ತರಿಸಿ ಅಂಟಿಸಿದೆ, ಗಾಜು ಮಂಕಾಗಬಾರದೆಂದು. ನನ್ನ ಕೋಣೆಯಲ್ಲಿ ಬಟ್ಟೆಯ ನಾರು ಸದಾ ಹಾರಾಡುತ್ತದೆ. ಅದು ವಾರ್ನಿಷ್‌ಗೆ ಅಂಟಿದರೆ ಇವರು ಸುಮ್ಮನಿರುತ್ತಾರೆಯೇ? ಧೂಳು ಕೂರಲೆಂದು ನೆಲಕ್ಕೆ ನೀರು ಚಿಮುಕಿಸಿದೆ. ಸಾಲದು ಎನಿಸಿ ನಾಲ್ಕೂ ಕಡೆ ಒದ್ದೆ ದುಪ್ಪಟಿ ನೇತುಹಾಕಿದೆ. ಕಿಟಕಿ ಮುಚ್ಚಿದೆ. ಇಷ್ಟು ಬುದ್ಧಿ ನನಗೆ ಎಲ್ಲಿಂದ ಬಂತು ಎಂದು ಹೆಮ್ಮೆಪಟ್ಟುಕೊಂಡು ಹೊಡೆದೆ.

ಐದು ನಿಮಿಷಕ್ಕೆ ಕೆಂಪಿನ ಮೇಲೆ ಹಿಟ್ಟು ಉದುರಿಸಿದ ಹಾಗೆ ಕಂಡಿತು. ಹತ್ತು ನಿಮಿಷಕ್ಕೆ ಪೂರ್ತಿ ಬಿಳಿ ಪೊರೆ. ಕೆಂಪಿಲ್ಲ, ಬೂದಿಲ್ಲ, ಹೆಸರು ಬರೆದದ್ದೂ ಕಾಣುವುದಿಲ್ಲ. ಅದರ ಮೇಲೆ ದುಪ್ಪಟಿ ಮುಚ್ಚಿ, ಇನ್ನೂ ಆರಿಲ್ಲ ಎಂದು ಹೇಳಿದೆ.

ಜೂನ್ 12, ಗುರುವಾರ

ಹೇಳಲಿಲ್ಲ. ಫೋನು ರಿಂಗಾದಾಗಲೆಲ್ಲ ಮೇಜಿನ ಮೇಲಿನ ದುಪ್ಪಟಿಯ ಕಡೆ ನೋಡುತ್ತೇನೆ. ಇವತ್ತೇ ಕರೆದರೆ, ಇವರು ಆ ಹತ್ತನೆಯವರಾದರೆ, ಕೊನೆಗೂ ನೋಡಿದ್ದು ಏನು? ನಾನು ಹಾಳು ಮಾಡಿದ್ದು.

ಜೂನ್ 13, ಶುಕ್ರವಾರ

ಇವರೇ ಬಾಯಿ ಬಿಡಿಸಿದರು.

"ಯಾಕೆ, ಎರಡು ದಿನದಿಂದ ಮನೆ ಇಷ್ಟು ಶಾಂತವಾಗಿದೆ? ನನ್ನನ್ನ ಬೈದೇ ಇಲ್ಲ ನೀನು."

ಎಲ್ಲ ಹೇಳಿಬಿಟ್ಟೆ. ನೀರು, ದುಪ್ಪಟಿ, ಕಿಟಕಿ. ಹೇಳುತ್ತ ಅಳು ಬಂತು. ಇವರು ಮೇಜಿನ ಹತ್ತಿರ ಹೋಗಿ ಮುಸುಕು ತೆಗೆದು, ಲಾಂಚಿಗೆ ಮೂಗು ತಾಗುವಷ್ಟು ಬಗ್ಗಿದರು. ಮೂರು ವರ್ಷದ ಕೆಲಸ. ಒಂದು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ನನ್ನ ಕಣ್ಣಿಗೆ ಬಂದದ್ದೇ ಇದಕ್ಕೂ ಬಂದಿದೆ ಬಿಡು" ಎಂದರು. "ನೀರು ಒಳಗೆ ಸಿಕ್ಕಿಹಾಕಿಕೊಂಡಿದೆ. ಹೇರ್ ಡ್ರೈಯರ್ ತಾ."

ತಂದೆ. ನಾನು ಗಾಳಿ ಬಿಟ್ಟೆ, ಇವರು ಲಾಂಚು ತಿರುಗಿಸಿದರು. ಒಂದು ಮೂಲೆಯಲ್ಲಿ ಬಿಳಿ ತುಸು ಕರಗಿದ ಹಾಗಾಯಿತು, ಆಮೇಲೆ ಅಲ್ಲಿಗೇ ನಿಂತಿತು. ಆದರೂ ಇವರು, "ಅಂದ್ರೆ ಬಣ್ಣ ಕೆಟ್ಟಿಲ್ಲ. ಬಣ್ಣ ಒಳಗೆ ಹಾಗೇ ಇದೆ" ಎಂದು ನನ್ನ ಬೆನ್ನು ತಟ್ಟಿದರು. ಕಾಣದ ಕಣ್ಣಿನವರು ನನಗೆ ಧೈರ್ಯ ಹೇಳಿದರು. ಇದಕ್ಕಿಂತ ನಾಚಿಕೆ ಬೇರೆ ಇಲ್ಲ, ಇದಕ್ಕಿಂತ ಭಾಗ್ಯವೂ ಇಲ್ಲ ಅಂತ ಬರೆಯಬೇಕೆನಿಸುತ್ತಿದೆ. ಬರೆದೆ.

ಜೂನ್ 14, ಶನಿವಾರ

ಮೇಷ್ಟ್ರಿಗೆ ಫೋನು ಮಾಡಿದರೆ ಅಂಗಡಿ ಮುಚ್ಚಿ ಸೈಕಲ್ಲಿನಲ್ಲಿ ಮನೆಗೇ ಬಂದರು. ಲಾಂಚನ್ನು ನೋಡಿ ನಗಲಿಲ್ಲ, ನನ್ನನ್ನು ನೋಡಿ ನಕ್ಕರು.

"ಟೈಲರಮ್ಮಾ, ನೆಲಕ್ಕೆ ನಾಲ್ಕು ಹನಿ ನೀರು ಹಾಕೋದು ನಾವೂ ಮಾಡ್ತೀವಿ. ನೀವು ಸ್ನಾನದ ಮನೆ ಮಾಡಿಬಿಟ್ರಿ."

ಮದ್ದು ಕೇಳಿ ನಂಬಲಿಲ್ಲ ನಾನು. ಇದರ ಮೇಲೆ ಹೊಳೆಯುವ ವಾರ್ನಿಷ್ ತೆಳ್ಳಗೆ ಹೊಡೆಯಬೇಕಂತೆ. ಅದು ಬಿಳಿ ಪೊರೆಯೊಳಕ್ಕೆ ಇಳಿದು ಅದನ್ನು ತಿಳಿ ಮಾಡುತ್ತದೆ. ಅದು ಆರಿದ ಮೇಲೆ ಮತ್ತೆ ಹೊಳಪಿಲ್ಲದ್ದು, ಈ ಸಲ ಸ್ಪ್ರೇ ಬೇಡ, ನೀರಿನದನ್ನು ಬ್ರಷ್‌ನಲ್ಲಿ. ಆದರೆ ಗಾಳಿ ಒಣಗಿರುವ ದಿನವೇ ಆಗಬೇಕು. ಹೊರಗೆ ಮೂರು ದಿನದಿಂದ ಜಿಟಿಜಿಟಿ ಮಳೆ.

ಟೀ ಕುಡಿದು, ಇವರ ಹತ್ತಿರ ಲಾಂಚಿನ ಎಂಜಿನ್ನಿನ ಬಗ್ಗೆ ಒಂದು ಗಂಟೆ ಕೇಳಿ, ಮಳೆಯಲ್ಲೇ ವಾಪಸ್ಸು ಹೋದರು. ಅವರಿಗೆ ನಾವು ಏನೂ ಆಗಬೇಕಾಗಿಲ್ಲ. ಎಲ್ಲಿಯ ಋಣ ಇದು.

ಜೂನ್ 16, ಸೋಮವಾರ

ಮಳೆ. ಇವರ ಕಣ್ಣು ಇವತ್ತು ಮಧ್ಯಾಹ್ನವೂ ತಿಳಿಯಾಗಲಿಲ್ಲ. ತೇವ ಇದ್ದರೆ ಲಾಂಚಿಗೂ ಇವರಿಗೂ ಆಗುವುದಿಲ್ಲ. ಇಬ್ಬರೂ ಕೂತು ಯೂನಿಫಾರಂಗೆ ಗುಂಡಿ ಹಾಕಿದೆವು. ಇವರು ಕೈಯಲ್ಲಿ ಮುಟ್ಟಿ ಎಣಿಸಿ ಕೊಡುವುದು, ನಾನು ಹಾಕುವುದು. ಒಂದೂ ತಪ್ಪು ಎಣಿಸಲಿಲ್ಲ.

ಚಮಚದ ಪ್ರಸಂಗ ಬರೆದದ್ದನ್ನು ಓದಿ ಹೇಳಿದೆ. "ಮುನಿಸಿಕೊಂಡ ಹೆಂಗಸು" ಬಂದಾಗ ನಕ್ಕು ಕೆಮ್ಮು ಬಂತು ಇವರಿಗೆ. ಇನ್ನೊಂದು ಸಲ ಓದು ಎಂದರು.

ಜೂನ್ 18, ಬುಧವಾರ

ಬಿಸಿಲು. ಬೆಳಗ್ಗೆಯೇ ಕಿಟಕಿ ಬಾಗಿಲು ತೆರೆದಿಟ್ಟೆ. ಮಧ್ಯಾಹ್ನ ಹನ್ನೆರಡಕ್ಕೆ ಹೊಳೆಯುವ ವಾರ್ನಿಷ್ ಹೊಡೆದೆ. ಇವರು ಪಕ್ಕದಲ್ಲೇ ನಿಂತಿದ್ದರು, ಈ ಸಲ ನಾನೇ ನಿಲ್ಲಿಸಿಕೊಂಡಿದ್ದೆ.

ಬಿಳಿ ಹೋಯಿತು. ನನ್ನ ಕಣ್ಣೆದುರೇ, ಒದ್ದೆಯಾದ ಕಲ್ಲಿನಲ್ಲಿ ಬಣ್ಣ ಏಳುವ ಹಾಗೆ, ಕೆಂಪು ಎದ್ದು ಬಂತು, ಆಮೇಲೆ ಬೂದು, ಆಮೇಲೆ ಇವರು ಬರೆದ ಸಣ್ಣ ಅಕ್ಷರಗಳು. ನಾನು ಒಂದೊಂದನ್ನೂ ಹೇಳುತ್ತ ಹೋದೆ. ಇವರಿಗೆ ಬೆಳಕಿನ ಮುದ್ದೆ ಮಾತ್ರ ಕಾಣುತ್ತಿತ್ತು, ಆದರೂ ನಾನು ಹೇಳಿದ್ದಕ್ಕೆಲ್ಲ ಹೂಂ, ಹೂಂ ಎಂದರು.

ಮೇಷ್ಟ್ರಿಗೆ ಫೋನು ಮಾಡಿ ಹೇಳಿದೆ. "ಎರಡು ದಿನ ಆರಲಿ, ಆತುರ ಬೇಡ" ಎಂದರು.

ಜೂನ್ 20, ಶುಕ್ರವಾರ

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಸಂಜೆ ಐದೂಕಾಲು. ಇವರನ್ನು ಒಳಗೆ ಕರೆದುಕೊಂಡು ಹೋಗಿ ಇಪ್ಪತ್ತು ನಿಮಿಷವಾಯಿತು. ಎರಡು ಗಂಟೆ ಹಿಡಿಯುತ್ತದೆ ಎಂದು ಸಿಸ್ಟರ್ ಹೇಳಿದ್ದಾರೆ.

ಯಾರೋ ನಿನ್ನೆ ತೀರಿಹೋಗಿದ್ದಾರೆ. ಗಂಡಸೋ ಹೆಂಗಸೋ ಗೊತ್ತಿಲ್ಲ, ಕೇಳಬಾರದಂತೆ. ಒಂದು ಮನೆಯಲ್ಲಿ ಇವತ್ತು ಯಾರೂ ಊಟ ಮಾಡಿರುವುದಿಲ್ಲ. ಅಂಥ ಹೊತ್ತಿನಲ್ಲಿ ಬಂದು ಕೇಳಿದವರಿಗೆ ಆ ಮನೆಯವರು ಹೂಂ ಎಂದಿದ್ದಾರೆ. ನಾನಾಗಿದ್ದರೆ ಹೂಂ ಎನ್ನುತ್ತಿದ್ದೆನೋ ಇಲ್ಲವೋ. ಅವರಿಗೆ ಕೈಮುಗಿಯಬೇಕು, ಯಾವ ದಿಕ್ಕಿಗೆ ಎಂದು ಗೊತ್ತಿಲ್ಲದೆ ಇಲ್ಲೇ ಎದುರಿನ ಗೋಡೆಗೆ ಮುಗಿದೆ. ಪಕ್ಕದಲ್ಲಿ ಕೂತವರು ನೋಡಿದರು, ನೋಡಲಿ.

ಬೆಳಗ್ಗೆ ಎಂಟಕ್ಕೆ ಲಾಂಚಿನ ಕೆಲಸ ಶುರು ಮಾಡಿದ್ದೆ. ಬಾಟಲಿಯನ್ನು ಅಲ್ಲಾಡಿಸದೆ, ನೊರೆ ಬರಬಾರದೆಂದು ಹೆಣಿಗೆ ಕಡ್ಡಿಯಲ್ಲಿ ನಿಧಾನ ಕಲಕಿ, ತಳದ ಪುಡಿಯೆಲ್ಲ ಮೇಲೆ ಬಂದ ಮೇಲೆ ಅಗಲದ ಬ್ರಷ್‌ನಲ್ಲಿ ತೆಳ್ಳಗೆ ಎಳೆದೆ. ಇವರು ಲಾಂಚು ಕೂರಿಸಿದ್ದ ಹಲಗೆ ಹಿಡಿದು ತಿರುಗಿಸಿದರು. ಒಂದು ಸಲ ಬಳಿದು, ಆರಿದ ಮೇಲೆ ಇನ್ನೊಂದು ಸಲ. ಹತ್ತೂವರೆಗೆ ಮುಗಿಯಿತು. ಹೊಳಪು ಇಳಿಯುತ್ತ ಇಳಿಯುತ್ತ ನಮ್ಮ ಲಾಂಚು ದಡಕ್ಕೆ ಬರುತ್ತಿದ್ದಾಗ ಹೇಗಿತ್ತೋ ಹಾಗಾಯಿತು. ನಾಳೆ ಮಧ್ಯಾಹ್ನ ನೋಡೋಣ, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು ಮಾತಾಡಿಕೊಂಡೆವು.

ಹನ್ನೊಂದಕ್ಕೆ ಫೋನು ಬಂತು. ಮೂರು ಗಂಟೆಗೆ ಆಸ್ಪತ್ರೆಯಲ್ಲಿರಬೇಕು.

ಇವರು ಹೇರ್ ಡ್ರೈಯರ್ ಹಿಡಿದು ಕೂತರು. ನಾನು ಚೀಲ ತುಂಬಿದೆ, ಇವರ ತಂಗಿಗೆ ಹೇಳಿದೆ, ಬಾಡಿಗೆ ಕಾರಿಗೆ ಹೇಳಿದೆ. ಒಂದೂವರೆಗೆ ಕೇಳಿದರೆ ಇನ್ನೂ ಮಂಜು. ಒಂದೂ ಮುಕ್ಕಾಲು, ಇನ್ನೂ ಮಂಜು. ಜೀವ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಎರಡು ಗಂಟೆಗೆ ಇವರು, "ಗೋಡೆ ಗಡಿಯಾರದ ಮುಳ್ಳು ಕಾಣ್ತಿದೆ. ಬೇಗ ತಾ" ಎಂದರು. ವಾರ್ನಿಷ್ ಆರಿದೆಯೋ ಇಲ್ಲವೋ ನೋಡಲಿಲ್ಲ, ಲಾಂಚನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ.

ಇವರು ಹತ್ತಿರಕ್ಕೆ ಬಗ್ಗಿದರು. ಮೂತಿಯಿಂದ ಶುರು ಮಾಡಿ ನಿಧಾನವಾಗಿ ಹಿಂಬದಿಯವರೆಗೆ ನೋಡುತ್ತ ಹೋದರು. ನಾನು ಇವರ ಮುಖ ನೋಡುತ್ತಿದ್ದೆ. ಕಾಣುತ್ತಿದೆಯೋ, ಕಂಡ ಹಾಗೆ ನಟಿಸುತ್ತಿದ್ದಾರೋ ತಿಳಿಯಲಿಲ್ಲ. ನನ್ನ ಮನಸ್ಸಿಗೆ ನೋವಾಗಬಾರದೆಂದು ಇವರು ಏನು ಬೇಕಾದರೂ ಹೇಳಿಯಾರು. ಮೊನ್ನೆ ಹೂಂ ಹೂಂ ಎಂದವರಲ್ಲವೇ.

"ಚೆನ್ನಾಗಿದೆ" ಎಂದರು. ಚೆನ್ನಾಗಿದೆ ಎಂದು ಯಾರು ಬೇಕಾದರೂ ಹೇಳಬಹುದು.

ಆಮೇಲೆ ಹುಬ್ಬು ಗಂಟಿಕ್ಕಿದರು. "ಹಿಂದುಗಡೆ ಬಲಮೂಲೆಯಲ್ಲಿ ಇದೇನೇ?"

"ಎಲ್ಲಿ?"

"ಇಲ್ಲಿ. ಬೆರಳು ಒತ್ತಿಬಿಟ್ಟಿದ್ದೀಯ. ಗೆರೆ ಗೆರೆ ಕಾಣ್ತಿದೆ."

ಬಗ್ಗಿ ನೋಡಿದೆ. ಕನ್ನಡಕ ಹಾಕಿಕೊಂಡ ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಬೆಳಕಿಗೆ ಓರೆ ಮಾಡಿದ ಮೇಲೆ ಕಂಡಿತು. ನನ್ನ ಹೆಬ್ಬೆರಳು. ವಾರ್ನಿಷ್ ಸ್ವಲ್ಪ ದಪ್ಪ ಬಿದ್ದ ಮೂಲೆಯಲ್ಲಿ ಬೆರಳಿನ ಸುಳಿ ಅಚ್ಚೊತ್ತಿದ ಹಾಗೆ ಕೂತಿತ್ತು.

"ಗೆರೆ ಕಾಣ್ತಿದೆಯಾ ನಿಮಗೆ?"

"ಕಾಣದೆ ಹೇಳ್ತೀನಾ? ಒಂದು ಕೆಲಸ ನೆಟ್ಟಗೆ ಮಾಡಲ್ಲ ನೀನು."

ಮೂವತ್ತೊಂದು ವರ್ಷದಲ್ಲಿ ಇವರ ಬಾಯಿಂದ ಎಷ್ಟು ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ. ಯಾವತ್ತೂ ಇಷ್ಟು ಸಂತೋಷವಾಗಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕಣ್ಣೊರೆಸಿಕೊಂಡು, "ಬ್ರಷ್ ತಂದು ಒಂದು ಸಲ ಸವರಿಬಿಡ್ತೀನಿ, ಐದು ನಿಮಿಷ" ಅಂದೆ.

"ಬೇಡ, ಇರಲಿ" ಎಂದರು. "ನಾಳೆಯಿಂದ ಕಣ್ಣು ಕಟ್ಟಿರ್ತಾರೆ. ಕೈಯಾಡಿಸಿದ್ರೆ ನಿಂದು ಅಂತ ಏನಾದ್ರೂ ಸಿಗಲಿ." ತಮ್ಮ ಹೆಬ್ಬೆರಳನ್ನು ಅದರ ಮೇಲೆ ಇಟ್ಟು ನೋಡಿದರು. ಮತ್ತೆ ಬೆರಳು ತೆಗೆದು ಕಣ್ಣಿನಿಂದ ನೋಡಿದರು.

ಹೊರಗೆ ಕಾರಿನವನು ಹಾರ್ನ್ ಮಾಡಿದ.

"ಒಂದೇ ನಿಮಿಷ ಕಾಯೋಕೆ ಹೇಳು" ಎಂದರು ಇವರು, ಲಾಂಚಿನಿಂದ ಕಣ್ಣು ಕೀಳದೆ.

ನಾನು ಬಾಗಿಲಿಗೆ ಹೋಗಿ ಹತ್ತು ನಿಮಿಷ ಎಂದು ಹೇಳಿ ಬಂದೆ.